ಹಿರಿಯ ಮಹಿಳೆಯರ ಸ್ನಾಯು ಸವಕಳಿ: ಮನೆಯಲ್ಲೇ ಮೊದಲ ತಪಾಸಣೆ



ಹಸು ಒಂದು ಹೊತ್ತು ಹಾಲು ಕಡಿಮೆ ಕೊಟ್ಟರೆ ಪಶುವೈದ್ಯರನ್ನು ಕರೆಸುವ ಮನೆಯಲ್ಲೇ, ಅಜ್ಜಿ ಗೋಡೆ ಹಿಡಿದು ಮೇಲೇಳುವುದನ್ನು ಕಂಡರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುವುದು ವಾಡಿಕೆ. ಅಂಬಾಜಿದುರ್ಗ ಹೋಬಳಿಯಂತಹ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ನೀರಿನ ಬಿಂದಿಗೆ, ಹಾಲಿನ ಕ್ಯಾನು ಹೊತ್ತವರು ಇದೇ ಹೆಂಗಸರು. ಅವರ ನಿತ್ರಾಣ ಬರಿಯ ಮುಪ್ಪಲ್ಲ. ಅದು ಸ್ನಾಯು ಸವಕಳಿ ಇರಬಹುದು. 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಇದಕ್ಕೆ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಕಾಲಿನ ಬಲ ಕುಂದಿದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಆದುದರಿಂದ ಬೀಳುವ ಮುನ್ನವೇ ಪತ್ತೆ ಮಾಡಬೇಕು.

ಪಕ್ಕದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು 2018ರಿಂದ 45 ವರ್ಷ ಮೀರಿದ ಗ್ರಾಮಸ್ಥರ ಆರೋಗ್ಯವನ್ನು ಅಧ್ಯಯನ ಮಾಡುತ್ತಿದೆ. ಅದರ ಮುಖ್ಯ ಗುರಿ ಮಿದುಳಿನ ಮುಪ್ಪು. ಹಳ್ಳಿಗರ ಮುಪ್ಪನ್ನೂ ಅಳೆದು ನೋಡಬಹುದೆಂಬುದಕ್ಕೆ ಇದೊಂದು ನಿದರ್ಶನ.

ತಪಾಸಣೆಯ ಕ್ರಮ

1. ಐದು ಪ್ರಶ್ನೆ: ನಾಲ್ಕೂವರೆ ಕಿಲೋ ಭಾರ ಎತ್ತಲು, ಕೋಣೆಯ ಉದ್ದಕ್ಕೆ ನಡೆಯಲು, ಕುರ್ಚಿ ಅಥವಾ ಮಂಚದಿಂದ ಏಳಲು, ಹತ್ತು ಮೆಟ್ಟಿಲು ಹತ್ತಲು ಕಷ್ಟವೇ? ಕಷ್ಟವಿಲ್ಲದಿದ್ದರೆ 0, ಸ್ವಲ್ಪ ಕಷ್ಟವಾದರೆ 1, ಬಹಳ ಕಷ್ಟವಾದರೆ ಅಥವಾ ಆಗದಿದ್ದರೆ 2 ಅಂಕ. ಕಳೆದ ವರ್ಷ ಎಷ್ಟು ಸಲ ಬಿದ್ದಿದ್ದಾರೆ? ಒಂದರಿಂದ ಮೂರು ಸಲಕ್ಕೆ 1, ನಾಲ್ಕು ಮತ್ತು ಹೆಚ್ಚಿಗೆ 2. ಒಟ್ಟು 4 ಅಥವಾ ಹೆಚ್ಚು ಬಂದರೆ ಎಚ್ಚರ ವಹಿಸಬೇಕು.

2. ಮೀನಖಂಡದ ಅಳತೆ: ಪ್ರಶ್ನೆಗಳಿಂದ ಎಲ್ಲರೂ ಪತ್ತೆಯಾಗುವುದಿಲ್ಲ. ದರ್ಜಿಯ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗವನ್ನು ಅಳೆಯಿರಿ. 2019ರ ಏಷ್ಯಾ ತಜ್ಞರ ಸೂತ್ರದಂತೆ ಮಹಿಳೆಯರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸಂಶಯಪಡಬೇಕು. ಕಾಲು ಊದಿದ್ದರೆ ಅಥವಾ ಮೈ ದಪ್ಪವಾಗಿದ್ದರೆ ಈ ಅಳತೆ ಮೋಸ ಮಾಡಬಹುದು. ದಪ್ಪ ಮೈಯವರಿಗೂ ಸ್ನಾಯು ಸವೆಯುತ್ತದೆ.

3. ಕುರ್ಚಿ ಪರೀಕ್ಷೆ: ಕುರ್ಚಿಯನ್ನು ಗೋಡೆಗೆ ಆನಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಐದು ಸಲ ಎದ್ದು ಕೂರಲು ಹೇಳಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬಲ ಕುಂದಿದೆ ಎಂದರ್ಥ. ಒಬ್ಬರು ಪಕ್ಕದಲ್ಲೇ ನಿಂತಿರಬೇಕು.

ಸಂಶಯ ಕಂಡವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಸಕ್ಕರೆ ಕಾಯಿಲೆ, ಥೈರಾಯಿಡ್ ಮುಂತಾದ ಕಾರಣಗಳನ್ನು ವೈದ್ಯರು ನೋಡುತ್ತಾರೆ. ಆಶಾ ಕಾರ್ಯಕರ್ತೆಯರೂ ಮಹಿಳಾ ಸಂಘಗಳೂ ಸೇರಿದರೆ ಊರಿನ ಎಲ್ಲ ಹಿರಿಯ ಮಹಿಳೆಯರನ್ನು ಪರೀಕ್ಷಿಸುವುದು ಕಷ್ಟವಲ್ಲ.

ಆಹಾರ ಮತ್ತು ವ್ಯಾಯಾಮ

ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಸಸಾರಜನಕ ಬೇಕು; 50 ಕಿಲೋ ತೂಕದವರಿಗೆ 50ರಿಂದ 60 ಗ್ರಾಂ. 200 ಗ್ರಾಂ ರಾಗಿಯಲ್ಲಿ ಸಿಗುವುದು ಸುಮಾರು 14 ಗ್ರಾಂ ಮಾತ್ರ. ಅದರೊಡನೆ 50 ಗ್ರಾಂ ಹುರುಳಿಯಿಂದ 11, ಅರ್ಧ ಲೀಟರ್ ಹಾಲಿನಿಂದ 16, ಒಂದು ಮೊಟ್ಟೆಯಿಂದ 6, ಹಿಡಿ ಕಡಲೆಕಾಯಿ ಬೀಜದಿಂದ 7 ಗ್ರಾಂ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಕರೆದ ಹಾಲೆಲ್ಲ ಡೇರಿಗೆ ಹೋಗಿ, ಎಲ್ಲರಿಗೂ ಬಡಿಸಿದ ಮೇಲೆ ಉಳಿದ ಮುದ್ದೆ ಸಾರಷ್ಟೇ ಅಜ್ಜಿಯ ಪಾಲಾಗುವ ಮನೆಯಲ್ಲಿ ಈ ಲೆಕ್ಕ ಸೇರದು.

ಆಹಾರವೊಂದೇ ಸಾಲದು. ಕಳೆ ಕಿತ್ತರೆ ಆಯಾಸವಾಗುತ್ತದೆಯೇ ಹೊರತು ಕಾಲಿನ ಸ್ನಾಯುಗಳಿಗೆ ಕ್ರಮವಾಗಿ ಏರುವ ಭಾರ ಸಿಗುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು, ಇವನ್ನು ಹತ್ತು ಹತ್ತು ಸಲ ಮಾಡಿಸಿ ನಿಧಾನವಾಗಿ ಹೆಚ್ಚಿಸಬೇಕು. ಎಂಬತ್ತು ದಾಟಿದವರಲ್ಲೂ ಸ್ನಾಯು ಬಲ ಮರಳಿ ಬರುತ್ತದೆ. ಒಂದು ಟೇಪು, ಒಂದು ಕುರ್ಚಿ, ಒಂದು ಗಡಿಯಾರವಿದ್ದರೆ ಇಂದೇ ಆರಂಭಿಸಬಹುದು.