ಕುಂಡದೊಳಗಿನ ಕಳ್ಳಿ

ಕಳ್ಳಿಯೆಂದರೆ ನಮಗೆ ಬೇಲಿಯ ಗಿಡ. ಅದರ ಬಂಧುವೊಂದು ಈಗ ನಡುಮನೆಯ ಕಿಟಕಿಯನ್ನೇರಿರುವುದು. ಅದೇ ಮಧ್ಯ ಆಫ್ರಿಕದ ಯೂಫೋರ್ಬಿಯ ಟ್ರೈಗೋನ. ಮೂರು ನಾಲ್ಕು ಏಣುಗಳ ಕಾಂಡ, ಏಣಿನುದ್ದಕ್ಕೂ ಜೋಡಿಮುಳ್ಳು, ಚಿಕ್ಕ ಚಿಕ್ಕ ಎಲೆ. ಅಮೆರಿಕದಿಂದ ಬಂದ ಪಾಪಾಸುಕಳ್ಳಿಗೆ ಇದು ನೆಂಟನಲ್ಲ. ಗೀರಿದೊಡನೆ ಒಸರುವ ಹಾಲೇ ಅದಕ್ಕೆ ಸಾಕ್ಷಿ.

ಈ ಗಿಡವು ನೀರಿಲ್ಲದೆ ಸಾಯುವುದು ಅಪರೂಪ, ನಮ್ಮ ಅಕ್ಕರೆಯಿಂದ ಸಾಯುವುದೇ ಹೆಚ್ಚು. ತುಳಸಿಗೆ ಎರೆದ ಚೊಂಬಿನಿಂದಲೇ ನಾವು ಇದಕ್ಕೂ ದಿನದಿನವೂ ಎರೆಯುತ್ತೇವೆ. ಬೇರಿಗೆ ಗಾಳಿಯಾಡದೆ ಬುಡವು ಕೊಳೆಯುವುದು. ಕಾಂಡ ಮೆತ್ತಗಾಗಿ ನಮಗೆ ತಿಳಿಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಆದುದರಿಂದ ಮಣ್ಣಿಗೆ ದಪ್ಪ ಮರಳನ್ನು ಧಾರಾಳವಾಗಿ ಬೆರೆಸಿ, ತಳದಲ್ಲಿ ತೂತುಳ್ಳ ಕುಂಡದಲ್ಲಿ ನೆಡಬೇಕು. ಬೆರಳನ್ನು 2 ಅಂಗುಲ ಇಳಿಸಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಬರದಲ್ಲಿ ಎಲೆಯುದುರಿದರೆ ಗಾಬರಿ ಬೇಡ, ಹಸುರು ಕಾಂಡವೇ ಆಹಾರವನ್ನು ಸಿದ್ಧಪಡಿಸಿಕೊಳ್ಳುವುದು.

ಬುಡ ಕೊಳೆತರೂ ಗಟ್ಟಿಯಾದ ತುದಿಯನ್ನು ಕೊಯ್ದು, ನೆರಳಿನಲ್ಲಿ ಒಂದು ವಾರ ಆರಿಸಿ ನೆಟ್ಟರೆ ಸಾಮಾನ್ಯವಾಗಿ ಚಿಗುರುತ್ತದೆ. ಆದರೆ ಆ ಹಾಲು! ಚರ್ಮಕ್ಕೆ ಉರಿ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬಿದ್ದೊಡನೆ ಉಜ್ಜದೆ, ಶುದ್ಧವಾದ ನೀರಿನಿಂದ ಕಾಲುಗಂಟೆ ತೊಳೆದು, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಅಂಬೆಗಾಲಿಡುವ ಮಕ್ಕಳುಳ್ಳವರು ಕುಂಡವನ್ನು ಬೆಳಕಿರುವ, ಆದರೆ ಕೈಗೆಟುಕದ ಎತ್ತರದಲ್ಲಿಡಲಿ.