ಭಾರ ಎತ್ತುವ ಯಂತ್ರ, ಕೆಳಗೆ ನಿಲ್ಲುವ ನಾವು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಕ್ರೇನ್ ಅಂದರೆ ನಮ್ಮ ಕಡೆಯವರಿಗೆ ಹೊಸದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿಯ ತಳ ಸೇರಿದ್ದ ಲಾರಿ ಸೆಪ್ಟೆಂಬರ್ 25ಕ್ಕೆ ಸಿಕ್ಕಾಗ ಅದನ್ನು ಮೇಲೆತ್ತಿದ್ದು ಕ್ರೇನ್. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದಾಗ ನೀರಿಗೆ ಬಿದ್ದ ಲಾರಿಯನ್ನೂ ಕ್ರೇನಿನಿಂದಲೇ ತೆಗೆದರು.

ಇಂದು ನಾವು ಮಾತಾಡುವುದು ಅವಕ್ಕಿಂತ ಚಿಕ್ಕ ಯಂತ್ರಗಳ ಬಗ್ಗೆ. ಲಾರಿಯ ಮೇಲೇ ಕೂರಿಸಿ ಮೊಣಕೈಯಂತೆ ಮಡಚುವ ಕ್ರೇನ್. ಬೀದಿದೀಪ ರಿಪೇರಿಗೆ ಮನುಷ್ಯರನ್ನು ಬುಟ್ಟಿಯಲ್ಲಿ ಮೇಲೆ ಕಳಿಸುವ ಲಿಫ್ಟ್. ಅಲ್ಲಿ ಕೆಲಸ ಮಾಡುವವರು ನಮ್ಮ ಮನೆಯವರೇ. ಕಲ್ಲು, ಸಿಮೆಂಟು ಹೊರುತ್ತಾ ನಿಮ್ಮಲ್ಲೂ ಕೆಲವರು ಅಲ್ಲೇ ನಿಂತಿರುತ್ತೀರಿ.

ಯಂತ್ರ ಬಂದದ್ದು ಒಳ್ಳೆಯದೇ. ಬಿದಿರಿನ ಏಣಿಗಿಂತ ಬುಟ್ಟಿಯ ಲಿಫ್ಟ್ ಎಷ್ಟೋ ಮೇಲು. ಆದರೆ ಅದಕ್ಕೂ ಮಿತಿ ಇದೆ. ತುಂಬಿದ ಕೊಡ ಸೊಂಟದ ಮೇಲಿದ್ದರೆ ದೂರ ನಡೀತೀರಿ. ಅದನ್ನೇ ಕೈ ಚಾಚಿ ಹಿಡಿಯಿರಿ ಅಂದರೆ ಆಗ್ತದಾ? ಕ್ರೇನಿಗೂ ಅಷ್ಟೇ. 2 ಮೀಟರ್ ದೂರದಲ್ಲಿ ಹೆಚ್ಚೆಂದರೆ 1 ಟನ್ ಎತ್ತುವ ತೋಳು, 4 ಮೀಟರಿಗೆ ಚಾಚಿದಾಗ ಅರ್ಧ ಟನ್ನಿಗೇ ಸೋಲುತ್ತದೆ. ಮಿತಿ ಮೀರಿದರೆ ಲಾರಿಯೇ ಮಗುಚುತ್ತದೆ.

ಆದ್ದರಿಂದ ಈ ನಾಲ್ಕು ಮಾತು ನೆನಪಿಡಿ.

1. ಲಾರಿಯ ಪಕ್ಕದ ಕಾಲುಗಳನ್ನು ಪೂರ್ತಿ ಹೊರಗೆಳೆದು, ಅಡಿಗೆ ಗಟ್ಟಿ ಹಲಗೆ ಕೊಡಬೇಕು. ಮಳೆಗಾಲದ ಹಸಿ ಮಣ್ಣನ್ನು, ಚರಂಡಿಯ ಅಂಚನ್ನು ನಂಬಬಾರದು.

2. ತೂಗುವ ಭಾರದ ಕೆಳಗೆ ಯಾರೂ ನಿಲ್ಲಬಾರದು, ಹಾಯಬಾರದು. ಮೇಸ್ತ್ರಿ ಹೇಳಿದರೂ ಬೇಡ.

3. ಬುಟ್ಟಿಯಲ್ಲಿ ಹೋಗುವವರು ಬೆಲ್ಟಿನ ಕೊಕ್ಕೆಯನ್ನು ಬುಟ್ಟಿಗೇ ಸಿಕ್ಕಿಸಬೇಕು. ಸಾಮಾನು ಎತ್ತುವ ಕೊಕ್ಕೆಗೆ ಜೋತು ಮನುಷ್ಯ ಮೇಲೆ ಹೋಗಬಾರದು.

4. ವಿದ್ಯುತ್ ತಂತಿಯ ಹತ್ತಿರ ಕೆಲಸವಿದ್ದರೆ ಮೊದಲು ಹೆಸ್ಕಾಂನವರಿಗೆ ಹೇಳಿ ಲೈನ್ ಬಂದ್ ಮಾಡಿಸಬೇಕು. ತೋಳು ತಂತಿಗೆ ತಾಗಿಬಿಟ್ಟರೆ ಲಾರಿ ಮುಟ್ಟಲು ಯಾರೂ ಓಡಬೇಡಿ; ನೆಲದಲ್ಲೂ ಕರೆಂಟ್ ಹರಿಯುತ್ತದೆ. ಲೈನ್ ಬಂದ್ ಆಗುವವರೆಗೆ ಚಾಲಕ ಒಳಗೇ ಕೂರುವುದು ಕ್ಷೇಮ. ಬೆಂಕಿ ಹತ್ತಿದರೆ ಮಾತ್ರ, ಲಾರಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ, ಎರಡೂ ಕಾಲು ಜೋಡಿಸಿ ಹಾರಬೇಕು.

"ಇದನ್ನೆಲ್ಲ ಕೇಳಿದರೆ ನಾಳೆ ಕೆಲಸಕ್ಕೆ ಕರೆಯೋದಿಲ್ಲ" ಅಂತ ನೀವು ಹೇಳಬಹುದು. ಆ ಭಯ ಸುಳ್ಳಲ್ಲ. ಒಬ್ಬಳೇ ಕೇಳಿದರೆ ಕಳಿಸಿಬಿಡುತ್ತಾರೆ. ಹತ್ತು ಜನ ಒಟ್ಟಿಗೆ ಕೇಳಿದರೆ ಹಾಗೆ ಮಾಡುವುದು ಕಷ್ಟ. ಸಂಘ ಇರುವುದು ಸಾಲಕ್ಕೆ ಮಾತ್ರವಾ? ದುಡಿಯುವವರು ಬಿದ್ದು ಸೊಂಟ ಮುರಿದುಕೊಂಡರೆ ಸಾಲದ ಕಂತೂ ನಿಲ್ಲುತ್ತದೆ, ಮಕ್ಕಳ ಶಾಲೆಯೂ ನಿಲ್ಲುತ್ತದೆ. ಬೆಲ್ಟ್, ಹೆಲ್ಮೆಟ್ ಕೊಡುವುದು ಕೆಲಸ ಮಾಡಿಸುವವರ ಹೊಣೆ, ಉಪಕಾರ ಅಲ್ಲ.

ಇನ್ನೊಂದು ವಿಷಯ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಗಂಡನ ಕಾರ್ಡ್ ಇದೆಯಲ್ಲ ಅಂತ ಸುಮ್ಮನಿರಬೇಡಿ. ನೀವು ದುಡಿದ ದಿನ ನಿಮ್ಮದು, ಕಾರ್ಡೂ ನಿಮ್ಮ ಹೆಸರಲ್ಲೇ ಇರಲಿ.

ಮುಂದಿನ ವಾರದ ಸಭೆಯಲ್ಲಿ ಪ್ರತಿಯೊಬ್ಬರೂ ಎರಡು ವಿಷಯ ತಿಳಿಸಿ: ಮನೆಯಲ್ಲಿ ಎತ್ತರದ ಕೆಲಸಕ್ಕೆ ಹೋಗುವವರು ಯಾರು? ಅವರಿಗೆ ಬೆಲ್ಟ್ ಸಿಕ್ಕಿದೆಯಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯೋಣ. ಸಿಗದವರ ಪರವಾಗಿ ಕೇಳಲು ಒಟ್ಟಿಗೆ ಹೋಗೋಣ.