ಹಿಂದೆ ಕೂತವರು

ರಾಜಸ್ಥಾನದ ಜೈಸಲ್ಮೇರ್‌ನಿಂದ ಖುರಿ ಹಳ್ಳಿಯ ಕಡೆಗೆ ಹೊರಟು, ಡಾಂಬರು ಬಿಟ್ಟು ಒಳದಾರಿಗೆ ಇಳಿದರೆ ಬೈಕಿನ ಗಾಲಿ ಮರಳಲ್ಲಿ ಹೂತುಕೊಳ್ಳುತ್ತದೆ. ಪಳಗಿದ ಸವಾರರು ಆಗ ಟೈರಿನ ಗಾಳಿ ಸ್ವಲ್ಪ ಇಳಿಸುತ್ತಾರೆ. ಟೈರು ಅಗಲವಾಗಿ ಊರಿಕೊಂಡು ಮರಳಿನ ಮೇಲೆ ಸಾಗುತ್ತದೆ. ಮುಂದಿನ ಗಾಲಿ ಅತ್ತಿತ್ತ ಓಲಾಡುತ್ತದೆ. ಹ್ಯಾಂಡಲ್ ಬಿಗಿಹಿಡಿದಷ್ಟೂ ಬೀಳುವ ಭಯ ಹೆಚ್ಚು. ಹಿಡಿತ ಸಡಿಲಿಸಿದರೆ ಗಾಡಿ ತಾನಾಗಿ ಹದಕ್ಕೆ ಬರುತ್ತದೆ.

ಇದು ಮುಂದೆ ಕೂತವರ ಮಾತಾಯಿತು. ನನಗೆ ಹೆಚ್ಚು ಗೌರವ ಹಿಂದೆ ಕೂತವರ ಮೇಲೆ. ಗಂಡ ಓಡಿಸಲಿ, ಹೆಂಡತಿ ಓಡಿಸಲಿ, ಹಿಂದಿರುವವರಿಗೆ ದಾರಿ ಪೂರ್ತಿ ಕಾಣದು. ಗಾಡಿ ವಾಲಿದಾಗ ಹೆದರಿ ಎದುರು ದಿಕ್ಕಿಗೆ ಬಾಗಿದರೆ ಇಬ್ಬರೂ ನೆಲಕ್ಕೆ. ಅವರು ನಂಬಿ ಜೊತೆಗೇ ವಾಲುತ್ತಾರೆ. ಖೇಜ್ರಿ, ಅಂದರೆ ನಮ್ಮ ಬನ್ನಿ ಮರ, ಬಿಟ್ಟರೆ ನೆರಳಿಲ್ಲದ ಆ ಬಿಸಿಲಲ್ಲಿ ಇಳಿದು ತಳ್ಳುತ್ತಾರೆ. ಪ್ರವಾಸದ ಕಥೆಯಲ್ಲಿ ಅವರ ಹೆಸರು ಮೊದಲು ಬರಲಿ ಎಂಬುದು ನನ್ನ ಆಸೆ.